ಗುರುಪುತ್ರಪ್ಪ ಕೊಯ್ದ ಪದರ

ಗುರುಪುತ್ರಪ್ಪ ಕೆಲಸಕ್ಕೆ ಕೂತನೆಂದರೆ ಆಸ್ಪತ್ರೆಯ ಲ್ಯಾಬಿನಲ್ಲಿ ಫ್ಯಾನು ಬಂದ್ ಆಗಬೇಕು, ಮಾತು ನಿಲ್ಲಬೇಕು. ರೋಗಿಯ ಮೈಯಿಂದ ತೆಗೆದ ಚೂರನ್ನು ಮೇಣದಲ್ಲಿ ಕೂರಿಸಿ, ಉಳ್ಳಾಗಡ್ಡಿಯ ಪೊರೆಗಿಂತ ತೆಳ್ಳಗೆ ಕೊಯ್ಯುವುದು ಅವನ ಇಪ್ಪತ್ತೆರಡು ವರ್ಷಗಳ ಕಸುಬು. ಅವನ ಮನೆಯೊಳಗೆ ಮೊಟ್ಟೆ ಕೂಡ ಬರುವುದಿಲ್ಲ; ಆದರೂ ಲಿವರಿನ ಬಗ್ಗೆ ಅವನಷ್ಟು ಮಾತಾಡುವವರು ಇಡೀ ಹಿಂದವಾಡಿ ಬಡಾವಣೆಯಲ್ಲಿ ಇನ್ನೊಬ್ಬರಿರಲಿಲ್ಲ. "ಡಾಕ್ಟರ್ ನೋಡ್ತಾರ ಖರೇ, ನೋಡಾಕ ಕೊಡಾಂವ ನಾನು" ಎಂದು ಹೆಂಡತಿ ಗೌರವ್ವನಿಗೆ ವಾರಕ್ಕೆರಡು ಸಲವಾದರೂ ಹೇಳುತ್ತಿದ್ದ. ಅವಳು ರೊಟ್ಟಿ ಬಡಿಯುತ್ತಲೇ ಹೂಂಗುಡುತ್ತಿದ್ದಳು.

೨೦೦೧ರ ಬೇಸಿಗೆಯಲ್ಲಿ ಖಾನಾಪುರದ ಕಡೆಯ ಕುರಿಗಾರ ಸತ್ಯಪ್ಪ ದಾಖಲಾದ. ಲಿವರಿನಲ್ಲಿ ಹುಣಸೆಬೀಜದಷ್ಟು ಗಂಟು. ಸೂಜಿ ಹಾಕಿ ತೆಗೆದ ಮಾಂಸದ ಎಳೆಯ ಮೊದಲ ಪದರಗಳಲ್ಲಿ ಕಂಡದ್ದು ಬರೀ ಕೊಬ್ಬು. ಸುದ್ದಿ ಕೇಳಿ ಸತ್ಯಪ್ಪ ಮೀಸೆ ತಿರುವಿದ. "ಛಲೋ ಮೇಯ್ದ ಟಗರಿನ ಲಿವರದಾಗ ಕೊಬ್ಬಿರ್ತೈತಿ. ರೋಗ ಬಂದದ್ದರಾಗ ಎಲ್ಲಿಂದ ಬರಬೇಕು?" ಎಂದವನೇ ಕಂಬಳಿ ಹೆಗಲಿಗೇರಿಸಿದ.

ಲ್ಯಾಬಿನ ಡಾಕ್ಟರ್ ಪೂರ್ಣಿಮಾ ಮಾತ್ರ ಸೂಕ್ಷ್ಮದರ್ಶಕ ಬಿಟ್ಟೇಳಲಿಲ್ಲ.

"ಗುರುಪುತ್ರಪ್ಪಾರ, ಸುರುವಿನ ಕ್ಯಾನ್ಸರಿನಾಗೂ ಒಮ್ಮೊಮ್ಮೆ ಹಿಂಗ ಕೊಬ್ಬು ತುಂಬಿರ್ತೈತ್ರಿ. ಜೀವಕೋಶ ಹಿಡಿದಿಡೋ ಬಲಿಯಂಥ ಜಾಳಗಿ ಹರದೈತೇನು, ಬೆಳ್ಳಿ ಬಣ್ಣ ಹಾಕಿ ನೋಡೂಣು. ಎಳಿ ಎಷ್ಟು ಉಳದೈತಿ?"

"ಎರಡು ಪದರ ಬಂದ್ರ ಬಂತ್ರಿ."

"ಕೈ ತಪ್ಪಿದ್ರ?"

"ತಪ್ಪಾಂಗಿಲ್ರಿ. ನೀವು ಹೊರಗ ನಿಲ್ರಿ. ನಿಮ್ಮ ಉಸುರಿಗೂ ಪದರ ಹಾರ್ತಾವು."

ಡಾಕ್ಟರು ತಮ್ಮದೇ ಲ್ಯಾಬಿನಿಂದ ಹೊರಬಿದ್ದರು. ಬಾಗಿಲು ಮುಚ್ಚಿದ ಮೇಲೆ ಗುರುಪುತ್ರಪ್ಪ ಮೇಣದ ಗಟ್ಟಿಯನ್ನು ಕೊಯ್ಯುವ ಯಂತ್ರಕ್ಕೆ ಕೂರಿಸಿದ. ಮೊದಲ ಪದರ ಚಿಂದಿಯಾಯಿತು. ಬೆವರು ಒರೆಸಿಕೊಂಡು, ಉಸಿರು ಕಟ್ಟಿ ಎರಡನೆಯದನ್ನು ಕೊಯ್ದ. ಅದು ಬೆಚ್ಚನೆಯ ನೀರಿನ ಮೇಲೆ ಒಂದು ಸುಕ್ಕೂ ಇಲ್ಲದೆ ತೇಲಿತು.

ಬಣ್ಣ ಹಾಕಿ ನೋಡಿದರೆ, ಗಂಟಿನ ತುಂಬ ಬೆಳ್ಳಿಯಿಂದ ಕಪ್ಪಾದ ಜಾಳಗಿ ಹರಿದು ಹೋಗಿತ್ತು. ಕ್ಯಾನ್ಸರೇ, ಆದರೆ ಕೊಯ್ದು ತೆಗೆಯುವಷ್ಟು ಸಣ್ಣದು.

ಮನೆಗೆ ಹೊರಡಲು ಕಾಯುತ್ತಿದ್ದ ಸತ್ಯಪ್ಪ ಡಾಕ್ಟರರ ಮಾತು ನಂಬಲಿಲ್ಲ. ಗುರುಪುತ್ರಪ್ಪ ತಾನೇ ಪದರ ಅಂಟಿಸಿದ ಗಾಜಿನ ಪಟ್ಟಿ ಒಯ್ದು ವಾರ್ಡಿನ ಕಿಟಕಿಗೆ ಹಿಡಿದ.

"ನೋಡ್ರಿ ಕಾಕಾ, ಇದು ನಿಮ್ಮ ಲಿವರ್."

"ಇಷ್ಟೇ ಎಳಿ? ಇದಕ್ಕ ಹೊಟ್ಟಿ ಕೊಯ್ಯಿಸ್ಕೋಬೇಕೇನು?"

"ಇಷ್ಟಿದ್ದಾಗೇ ಕೊಯ್ಯಿಸ್ಕೋಬೇಕ್ರಿ. ದೊಡ್ಡದಾದ್ರ ಕೊಯ್ಯಾಕ ಯಾರೂ ಒಪ್ಪಾಂಗಿಲ್ಲ."

ಸತ್ಯಪ್ಪ ಗಾಜನ್ನು ನೋಡಿದ, ಅವನ ಮುಖ ನೋಡಿದ. "ಇದನ್ನ ಇಷ್ಟು ತೆಳ್ಳಗ ಕೊಯ್ದಾಂವ ಯಾರು?"

"ನಾನೇರಿ."

"ಹಂಗಾರ ಹೊಟ್ಟೀನೂ ನೀನೇ ಕೊಯ್ಯಿ ಮಾರಾಯಾ, ಎಲ್ಲಿ ಹೆಬ್ಬಟ್ಟು ಒತ್ತಲಿ ಹೇಳು."

ಗುರುಪುತ್ರಪ್ಪ ಒಂದು ಗಳಿಗೆ ಯೋಚಿಸಿದ. ಆಮೇಲೆ ದೊಡ್ಡ ಮನಸ್ಸು ಮಾಡಿ, ಆ ಕೆಲಸವನ್ನು ಸರ್ಜನ್ ಸಾಹೇಬರಿಗೆ ಬಿಟ್ಟುಕೊಟ್ಟ.