ಯಾರನ್ನೂ ಎಬ್ಬಿಸದ ಬಸ್ಸು

ಬೆಳಗಿನ ಐದೂಮುಕ್ಕಾಲಿಗೆ ಡಿಪೋದಿಂದ ಒಂದು ಶಾಲಾ ಬಸ್ಸು ಹೊರಡುತ್ತದೆ. ಹೊರಟಿತೆಂದು ಗೇಟಿನ ಕಾವಲುಗಾರನಿಗೇ ಎಷ್ಟೋ ಸಲ ತಿಳಿಯುವುದಿಲ್ಲ. "ಅಕ್ಕಾ, ಚಹಾ ಕುಡಿದು ಹೋಗಿ" ಎಂದು ಲೋಟ ಹಿಡಿದು ತಿರುಗಿದವನು ಖಾಲಿ ಜಾಗ ಕಂಡು ಪೆಚ್ಚಾಗಿ, ಆ ಚಹಾವನ್ನು ತಾನೇ ಕುಡಿದ ದಿನಗಳುಂಟು. ಆ ಬಸ್ಸು ಓಡಿಸುವವಳಿಗೆ ಈಗ ಐವತ್ತೆರಡು. ಮಕ್ಕಳಿಗೆ ಅವಳು ಡ್ರೈವರಮ್ಮ, ಡಿಪೋದ ಉಳಿದ ಡ್ರೈವರುಗಳಿಗೆ ಮೊಟ್ಟೆಯಕ್ಕ.

ಮೊಟ್ಟೆಯಕ್ಕ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಶಾಲೆಯ ಕೆಲಸಕ್ಕೆ ಸೇರುವ ಮೊದಲು ಹನ್ನೆರಡು ವರ್ಷ ಅವಳು ಮೊಟ್ಟೆ ಸಾಗಿಸುವ ವ್ಯಾನು ಓಡಿಸಿದ್ದಳು. ಆ ಕಾಲದಲ್ಲೇ ಮಗಳು ಹುಟ್ಟಿದ್ದು. ಹುಟ್ಟಿದ ಕೂಸು ಮನೆಯಲ್ಲಿ ಕಣ್ಣು ಮುಚ್ಚುತ್ತಿರಲಿಲ್ಲ. ತೊಟ್ಟಿಲು, ಹೆಗಲು, ಲಾಲಿ, ಯಾವುದಕ್ಕೂ ಜಗ್ಗುತ್ತಿರಲಿಲ್ಲ. ವ್ಯಾನು ಹೊರಟರೆ ಮಾತ್ರ ಪಕ್ಕದ ಸೀಟಿನ ಮಡಿಸಿದ ಕಂಬಳಿಯ ಮೇಲೆ ಗಾಢ ನಿದ್ದೆ. ಹಿಂದೆ ಮೂರು ಸಾವಿರ ಮೊಟ್ಟೆ, ಪಕ್ಕದಲ್ಲಿ ಒಂದು ಮಗು. ಮೊಟ್ಟೆ ಒಡೆದರೆ ಮಾಲೀಕ ಬಯ್ದು ಸುಮ್ಮನಾಗುತ್ತಿದ್ದ, ಮಗು ಎದ್ದರೆ ಊರೇ ಏಳುತ್ತಿತ್ತು. ಹೀಗಾಗಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗೇರು ಬದಲಿಸುವುದನ್ನು, ದೂರದ ತಿರುವನ್ನು ಮೊದಲೇ ಕಂಡು ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ಎತ್ತುವುದನ್ನು ಅವಳು ಕಲಿತಳು. ಯಾರೂ ಕಲಿಸಿದ್ದಲ್ಲ, ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲ. ಈಗ ಮಗಳೇ ಆಸ್ಪತ್ರೆಯಲ್ಲಿ ನರ್ಸು, ಮಲಗದ ರೋಗಿಗಳನ್ನು ಕಂಡರೆ "ಅಮ್ಮನ ವ್ಯಾನು ಇದ್ದಿದ್ರೆ" ಎಂದು ನಗುತ್ತಾಳಂತೆ.

ಬಸ್ಸು ಇಷ್ಟು ಬೇಗ ಹೊರಡುವುದಕ್ಕೆ ಕಾರಣ ಉಳಿತಾಯದ ಸಾಹೇಬರು. ಸುತ್ತಲಿನ ಒಂಬತ್ತು ಶಾಲೆಗಳನ್ನು ನೋಡಿಕೊಳ್ಳುವ ವಲಯ ಕಚೇರಿಗೆ ಅವರು ಬಂದು ಒಂದು ವರ್ಷವಾಗಿತ್ತಷ್ಟೆ. ಖರ್ಚು ತಗ್ಗಿಸಲೇಬೇಕು, ಇಲ್ಲವಾದರೆ ಎರಡು ಶಾಲೆಗಳ ಬಾಗಿಲು ಹಾಕಬೇಕಾಗುತ್ತದೆ ಎಂದು ಮೇಲಿನಿಂದ ಪತ್ರ ಬಂದಿತ್ತು. ಮನುಷ್ಯ ಕೈ ಕಟ್ಟಿ ಕೂರಲಿಲ್ಲ, ಅದನ್ನು ಒಪ್ಪಲೇಬೇಕು. ಶಾಲೆಗಳ ಮೊಗಸಾಲೆಗಳಲ್ಲಿ ಒಂದು ಬಿಟ್ಟು ಒಂದು ದೀಪ ಆರಿತು. ಕಾಗದದ ಎರಡೂ ಮಗ್ಗುಲು ಬರೆಯುವುದು ರೂಢಿಯಾಯಿತು. ಮೂರು ಶಾಲೆಯ ಅಡುಗೆಮನೆಗಳು ಸೇರಿ ಒಂದೇ ಆದವು. ಸಂಗೀತದ ಮೇಷ್ಟ್ರು ಸೋಮವಾರ ಒಂದು ಶಾಲೆಯಲ್ಲಿ, ಮಂಗಳವಾರ ಇನ್ನೊಂದರಲ್ಲಿ ಹಾಡತೊಡಗಿದರು. ಕೊನೆಗೆ ಬಸ್ಸುಗಳ ಸರದಿ. ಮೂರು ದಾರಿಗಳನ್ನು ಹೊಲಿದು ಒಂದು ದಾರಿ ಮಾಡಿದರು. ಅದೇ ಬಸ್ಸು ಎರಡು ಟ್ರಿಪ್ಪು ಹೊಡೆಯಲಿ ಎಂದು ಚಿಕ್ಕ ಮಕ್ಕಳ ಶಾಲೆಯ ಗಂಟೆಯನ್ನು ಏಳೂಕಾಲಿಗೆ, ದೊಡ್ಡವರದನ್ನು ಎಂಟೂವರೆಗೆ ಇಟ್ಟರು. ಲೆಕ್ಕದಲ್ಲಿ ಎಲ್ಲವೂ ಸರಿಯಿತ್ತು. ಆರು ಗಂಟೆಗೆ ರಸ್ತೆಯ ಬದಿಯಲ್ಲಿ ಕಣ್ಣುಜ್ಜುತ್ತ ನಿಲ್ಲುವ ಆರು ವರ್ಷದ ಮಕ್ಕಳು ಯಾವ ಕಾಗದದಲ್ಲೂ ಇರಲಿಲ್ಲ.

ಆ ಮಕ್ಕಳು ಬಸ್ಸು ಹತ್ತುವುದೇ ಅರ್ಧ ನಿದ್ದೆಯಲ್ಲಿ. ಕೂತ ಮೇಲೆ ಉಳಿದ ಅರ್ಧ. ಆರೂವರೆಯ ಹೊತ್ತಿಗೆ ಬಸ್ಸಿನ ತುಂಬ ಬರೀ ಉಸಿರು. ಒಬ್ಬ ಕಿಟಕಿಗೆ ಹಣೆ ಆನಿಸಿದ್ದರೆ, ಗಾಜಿನ ಮೇಲೆ ಅವನ ಉಸಿರಿನ ಮಂಜು ಮೂಡುತ್ತ ಕರಗುತ್ತ ಇರುತ್ತದೆ. "ನನ್ನ ಸರದಿ, ನನ್ನ ಸರದಿ" ಎಂದು ಹಿಂದಿನ ಸೀಟಿನ ಹುಡುಗಿ ನಿದ್ದೆಯಲ್ಲೇ ಜಗಳ ತೆಗೆಯುತ್ತಾಳೆ. ಮುಂದಿನ ಸೀಟಿನವಳು ನಿದ್ದೆಯಲ್ಲೇ "ತಗೋ" ಎನ್ನುತ್ತಾಳೆ, ಜಗಳ ಮುಗಿಯುತ್ತದೆ. ಹೊರಗೆ ಇನ್ನೂ ಪೂರ್ತಿ ಬೆಳಕಿಲ್ಲ, ಮರಗಳು ತಾವೇ ನಡೆದು ಬಂದು ಪಕ್ಕಕ್ಕೆ ಸರಿಯುತ್ತವೆ. ಕೆಲವು ದಿನ ಡ್ರೈವರಮ್ಮನಿಗೆ ಬಸ್ಸು ನಿಂತಿದೆ, ರಸ್ತೆಯೇ ಕೆಳಗೆ ಹರಿದು ಹೋಗುತ್ತಿದೆ ಅನಿಸುತ್ತಿತ್ತು. ಮೂವತ್ತು ಕನಸುಗಳ ನಡುವೆ ಎಚ್ಚರವಾಗಿ ಇರುವವಳು ತಾನೊಬ್ಬಳೇ ಎಂದು ನೆನೆದರೆ ಅವಳಿಗೆ ಸುಮ್ಮನೆ ಸಂತೋಷವಾಗುತ್ತಿತ್ತು. ಆ ದಾರಿಯಲ್ಲಿ ಅವಳು ಒಂದು ದಿನವೂ ಹಾರ್ನ್ ಹೊಡೆದಿರಲಿಲ್ಲ. ದನ ಅಡ್ಡ ಬಂದರೆ ಕಾಯುತ್ತಿದ್ದಳು, ದನಕ್ಕೂ ಒಂದು ಬೇಜಾರು ಅಂತ ಇರುತ್ತದಲ್ಲ.

ಸಾಹೇಬರು ಅವಳನ್ನು ಕಚೇರಿಗೆ ಕರೆಸಿದ್ದು ಒಂದು ಬುಧವಾರ. ತೆಳ್ಳಗಿನ ಮನುಷ್ಯ, ಕಣ್ಣ ಕೆಳಗೆ ಮಸಿ ಬಳಿದಂಥ ಕಪ್ಪು. ಮೇಜಿನ ಮೇಲೆ ಬಸ್ಸುಗಳ ಪಟ್ಟಿ ಹರಡಿತ್ತು.

"ಬೇರೆ ಬಸ್ಸು ಕುಡಿಯೋ ಡೀಸೆಲ್‌ನಲ್ಲಿ ನಿಮ್ಮದು ಮುಕ್ಕಾಲು ಪಾಲೂ ಕುಡಿದಿಲ್ಲ. ಹೇಗೆ?"

"ಒಳ್ಳೇದೇ ಆಯ್ತಲ್ಲ ಸಾರ್?"

"ಒಳ್ಳೇದು ಯಾಕಾಯ್ತು ಅಂತ ನಂಗೆ ಗೊತ್ತಾಗ್ಬೇಕು. ಪಂಪ್‌ಹೌಸ್ ಸ್ಟಾಪಿಗೆ ಹೋಗ್ತಾ ಇದೀರಾ ತಾನೇ?"

ಅವಳಿಗೆ ಈಗ ಮಾತಿನ ಮೊನೆ ತಾಗಿತು. ಮೆತ್ತಗೆ ಓಡಿಸಿ ಉಳಿದ ಡೀಸೆಲ್ಲು ಸಾಹೇಬರ ಕಣ್ಣಿಗೆ ಸ್ಟಾಪು ತಪ್ಪಿಸಿ ಉಳಿಸಿದ ಡೀಸೆಲ್ಲಾಗಿತ್ತು. ಪಂಪ್‌ಹೌಸ್ ಎಂದರೆ ದಾರಿಯ ಕಟ್ಟಕಡೆಯ ಸ್ಟಾಪು. ಕವಲು ರಸ್ತೆಯಿಂದ ಒಳಗೆ ಆರು ಕಿಲೋಮೀಟರು, ಅಲ್ಲಿ ಊರಿಗೆ ನೀರು ಏರಿಸುವ ಪಂಪು, ಅದನ್ನು ನೋಡಿಕೊಳ್ಳುವವನ ಒಂದು ಮನೆ, ಆ ಮನೆಯಲ್ಲಿ ಏಳು ವರ್ಷದ ಒಬ್ಬ ಹುಡುಗಿ. ಅಷ್ಟೇ.

"ದಿನಾ ಹೋಗ್ತೀನಿ ಸಾರ್. ಕಿಲೋಮೀಟರ್ ನೋಡಿ ಬೇಕಾದ್ರೆ."

"ನಿಮ್ಮ ಬಸ್ಸಿನ ಮೀಟರ್ ಕೆಟ್ಟು ಎರಡು ವರ್ಷ ಆಯ್ತು."

ಅದನ್ನು ರಿಪೇರಿ ಮಾಡಿಸದಿರುವುದು ಕೂಡ ಉಳಿತಾಯದ ಪಟ್ಟಿಯಲ್ಲೇ ಇತ್ತು.

"ಹದಿಮೂರು ದಿನದಿಂದ ಆ ಸ್ಟಾಪಿನಲ್ಲಿ ಒಂದು ಮಗೂನೂ ಹತ್ತಿಲ್ಲ," ಎಂದರು ಸಾಹೇಬರು.

"ಕಾಲಿನ ಮೂಳೆ ಬಿರುಕು ಬಿಟ್ಟಿದೆ ಸಾರ್."

"ಯಾರ ಕಾಲು?"

"ಮಗುವಿಂದು. ಮೆಟ್ಟಿಲಿಂದ ಬಿದ್ದಿದ್ದಾಳೆ. ಆದ್ರೂ ನಾನು ಹೋಗಿ ಎರಡು ನಿಮಿಷ ನಿಂತು ಬರ್ತೀನಿ."

ಸಾಹೇಬರು ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡಿದರು. ನಿಯಮ ಹೇಳಿದರು: ಹದಿನೈದು ಶಾಲಾ ದಿನ ಯಾರೂ ಹತ್ತದ ಸ್ಟಾಪನ್ನು ದಾರಿಯಿಂದ ತೆಗೆಯುವುದು. ಪಂಪ್‌ಹೌಸ್ ಸ್ಟಾಪು ತೆಗೆದರೆ ಟ್ರಿಪ್ಪು ಅರ್ಧ ಗಂಟೆ ಕಡಿಮೆಯಾಗುತ್ತದೆ, ಆಗ ಪಕ್ಕದ ದಾರಿಯ ಡ್ರೈವರೇ ಎರಡನ್ನೂ ನೋಡಿಕೊಳ್ಳಬಹುದು. ಅವಳ ಕೆಲಸ ಇರುವುದಿಲ್ಲ ಎಂದು ಅವರು ಬಿಡಿಸಿ ಹೇಳಲಿಲ್ಲ, ಅವಳೂ ಬಿಡಿಸಿ ಕೇಳಲಿಲ್ಲ.

"ಶುಕ್ರವಾರ ಹದಿನೈದನೇ ದಿನ. ನಾನೇ ಬಸ್ಸಲ್ಲಿ ಬರ್ತೀನಿ. ಕೇಳಿದ್ದನ್ನ ಬರೆಯೋನಲ್ಲ ನಾನು, ಕಣ್ಣಾರೆ ಕಂಡಿದ್ದನ್ನ ಬರೆಯೋನು."

ಸಂಜೆ ಇದನ್ನೆಲ್ಲ ಗಂಡನ ಮುಂದೆ ಹೇಳಿದಳು. ಅವನು ಸೈಕಲ್ ರಿಪೇರಿಯವನು, ಅಂಗಡಿ ಮುಚ್ಚಿ ಬಂದು ಕೈಯ ಗ್ರೀಸು ಉಜ್ಜುತ್ತ ಕೂತಿದ್ದ.

"ಡೀಸೆಲ್ ಕದ್ದಿದ್ರೂ ಇಷ್ಟು ವಿಚಾರಣೆ ಇರ್ತಿರ್ಲಿಲ್ಲ ಕಣೇ. ಉಳಿಸಿ ಸಿಕ್ಕಿಹಾಕ್ಕೊಂಡೆ ನೋಡು."

"ನಿಮಗೆ ತಮಾಷೆ ರೀ. ಆ ಸ್ಟಾಪು ಹೋದ್ರೆ ಪುಟ್ಟಿ ಶಾಲೆಗೆ ಹೋಗೋದು ಹೇಗೆ? ಅವರಪ್ಪ ಪಂಪು ಬಿಟ್ಟು ಬರೋ ಹಾಗಿಲ್ಲ."

"ನಿನ್ನ ಕೆಲಸದ ಕತೆ ಹೇಳು ಮೊದ್ಲು."

"ಅದೂ ಇದೆ," ಎಂದಳು. ಹೇಳಿದ ಮೇಲೆ ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು.

ಮರುದಿನ ಪಂಪ್‌ಹೌಸಿನ ಗೇಟಿನಲ್ಲಿ ಹುಡುಗಿಯ ಅಪ್ಪ ಎಂದಿನಂತೆ ಕೈಯಾಡಿಸಿ "ಇವತ್ತೂ ಇಲ್ಲ ಅಕ್ಕ" ಎಂದ. ಅವಳು ಕೆಳಗಿಳಿದು ವಿಷಯ ಹೇಳಿದಳು. ಅವನ ಮುಖ ಬಾಡಿತು. "ಸಂಜೆ ಪ್ಲಾಸ್ಟರ್ ಬಿಚ್ತಾರೆ. ಕಾಲೂರಿದ್ರೆ ಕಳಿಸ್ತೀನಿ. ಊರದಿದ್ರೆ..." ಎಂದು ನಿಲ್ಲಿಸಿದ. ಹೇಗಾದರೂ ಕಳಿಸು ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. "ನೋವಿದ್ರೆ ಬೇಡಪ್ಪ" ಎಂದು ಬಸ್ಸು ಹತ್ತಿದಳು, ಹತ್ತಿದ ಮೇಲೆ ತನ್ನ ಒಳ್ಳೆಯತನಕ್ಕೆ ತಾನೇ ಶಾಪ ಹಾಕಿದಳು.

ಶುಕ್ರವಾರ ಸಾಹೇಬರು ಹೇಳಿದ ಹೊತ್ತಿಗೆ ಒಂದು ನಿಮಿಷ ಮುಂಚೆಯೇ ಬಂದರು. ಕಂಕುಳಲ್ಲಿ ರಟ್ಟು, ರಟ್ಟಿಗೆ ಸಿಕ್ಕಿಸಿದ ಹಾಳೆ, ಜೇಬಲ್ಲಿ ಮೂರು ಪೆನ್ನು. ಮೂರನೇ ಸಾಲಿನ ಕಿಟಕಿಯ ಪಕ್ಕ ನೆಟ್ಟಗೆ ಕೂತರು. ಮೊದಲ ಸ್ಟಾಪು, ನಾಲ್ಕು ಮಕ್ಕಳು, ಬರೆದರು. ಎರಡನೆಯದು, ಐದು, ಬರೆದರು. ಮಕ್ಕಳು ಸಾಹೇಬರನ್ನು ಒಮ್ಮೆ ನೋಡಿ, ಕನಸಿನಲ್ಲಿ ಹೊಸಬರು ಬಂದರೆ ಕೇಳುವುದುಂಟೇ, ಕೇಳದೆ ಹೋಗಿ ಮಲಗಿದರು. ಮಂಜಿನಲ್ಲಿ ಬಸ್ಸು ತೇಲುತ್ತಿತ್ತು. ಐದನೇ ಸ್ಟಾಪಿಗೆ ಸಾಹೇಬರ ಕತ್ತು ಒಮ್ಮೆ ವಾಲಿ ಮತ್ತೆ ನೆಟ್ಟಗಾಯಿತು. ಆರನೆಯದಕ್ಕೆ ಇನ್ನೊಮ್ಮೆ. ಏಳನೆಯದರ ಲೆಕ್ಕ ಬರೆಯುತ್ತಿದ್ದ ಪೆನ್ನು ಹಾಳೆಯ ಮೇಲೆ ಉದ್ದಕ್ಕೆ ಗೀಟೆಳೆಯುತ್ತ ಹೋಗಿ ಅಂಚಿನಿಂದ ಕೆಳಗೆ ಬಿತ್ತು. ಕನ್ನಡಿಯಲ್ಲಿ ಅವಳು ಕಂಡಳು, ಸಾಹೇಬರು ಬಾಯಿ ತೆರೆದು ನಿದ್ದೆ ಹೋಗಿದ್ದಾರೆ.

ಅಯ್ಯೋ ದೇವರೇ ಎನ್ನಿಸಿತು ಅವಳಿಗೆ. ಕವಲು ರಸ್ತೆ ಬರುತ್ತಿತ್ತು. ಕಣ್ಣಾರೆ ನೋಡುತ್ತೇನೆ ಎಂದವರ ಕಣ್ಣು ಮುಚ್ಚಿದೆ. ಪಂಪ್‌ಹೌಸಿಗೆ ಹೋದರೂ ಒಂದೇ, ಹೋಗದಿದ್ದರೂ ಒಂದೇ. ಒಂದು ಸಲ ಬ್ರೇಕು ಒತ್ತಿದರೆ ಸಾಕು. ಒಂದು ಸಲ ಹಾರ್ನು. ಹೆಬ್ಬೆರಳು ಹಾರ್ನಿನ ಗುಂಡಿಯ ಮೇಲೆ ಹೋಗಿ ಕೂತಿತು ಕೂಡ. ಕನ್ನಡಿಯ ತುಂಬ ವಾಲಿದ ತಲೆಗಳು. ಬೆರಳು ಒತ್ತಲಿಲ್ಲ, ಒತ್ತಲು ಅದಕ್ಕೆ ಗೊತ್ತೇ ಇಲ್ಲ ಎಂಬಂತೆ ಸುಮ್ಮನಿತ್ತು. ಬಸ್ಸು ಮೆಲ್ಲಗೆ ಒಳರಸ್ತೆಗೆ ತಿರುಗಿತು.

ಆರು ಕಿಲೋಮೀಟರು ಅವಳು ರಸ್ತೆ ನೋಡಲಿಲ್ಲ, ರಸ್ತೆಯ ಕೊನೆಯನ್ನೇ ನೋಡಿದಳು. ಮಂಜಿನೊಳಗೆ ಪಂಪಿನ ಗುಂಯ್‌ಗುಡುವ ಸದ್ದು ಮೊದಲು ಬಂತು. ಆಮೇಲೆ ಗೇಟು. ಗೇಟಿನಲ್ಲಿ ಅಪ್ಪ, ಅಪ್ಪನ ತೋಳು ಹಿಡಿದು ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ದಪ್ಪ ಕಾಲುಚೀಲ ಹಾಕಿಕೊಂಡ ಪುಟ್ಟಿ. ಅವಳು ಕಾಲೂರಿ ನಿಂತಿದ್ದಳು. ಡ್ರೈವರಮ್ಮನ ಕಣ್ಣು ತುಂಬಿ ಬಂತು. ಎಂಜಿನ್ ಆರಿಸದೆ ಕೆಳಗಿಳಿದು, ಇಬ್ಬರೂ ಸೇರಿ ಹುಡುಗಿಯನ್ನು ಮೆಟ್ಟಿಲು ಹತ್ತಿಸಿದರು. ಖಾಲಿ ಇದ್ದದ್ದು ಒಂದೇ ಸೀಟು, ಸಾಹೇಬರ ಪಕ್ಕದ್ದು.

"ಇವ್ರೇನಾ ಅಕ್ಕ?" ಅಪ್ಪ ಪಿಸುಗುಟ್ಟಿದ.

"ಹೂಂ."

"ನೋಡೋಕೆ ಬಂದವ್ರು ಮಲಗಿಬಿಟ್ರಲ್ಲ. ಎಬ್ಬಿಸ್ಲಾ?"

ಅವಳು ಸಾಹೇಬರನ್ನು ನೋಡಿದಳು. ಹುಬ್ಬಿನ ನಡುವಿನ ಗಂಟು ಬಿಚ್ಚಿಕೊಂಡಿತ್ತು. ಎಷ್ಟು ತಿಂಗಳಿಂದ ಈ ಮನುಷ್ಯ ಹೀಗೆ ಮಲಗಿಲ್ಲವೋ. ಎರಡು ಶಾಲೆ ಉಳಿಸಲು ಎಲ್ಲೆಲ್ಲಿ ಕತ್ತರಿ ಹಾಕಲಿ ಎಂದು ಹೊರಳಾಡಿದ ರಾತ್ರಿಗಳ ಕಪ್ಪು ಅದು, ಕಣ್ಣ ಕೆಳಗಿರುವುದು. ಅವಳಿಗೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನಿಸಿತು.

"ಬೇಡ," ಎಂದಳು. "ಪಾಪ."

ವಾಪಸು ದಾರಿಯಲ್ಲಿ ಬಸ್ಸು ಎಂದಿಗಿಂತ ಮೆತ್ತಗೆ ಹೋಯಿತು. ಹುಚ್ಚಿ ಎಂದು ತನ್ನನ್ನು ತಾನು ಬಯ್ದುಕೊಂಡಳು. ಬಯ್ಯುತ್ತಲೇ ಹಳ್ಳ ತಪ್ಪಿಸಿದಳು, ತಿರುವಿಗೆ ಮುಂಚೆಯೇ ಕಾಲೆತ್ತಿದಳು. ಮಂಜು ತಿಳಿಯಾಗುತ್ತ ಬಂತು, ಸೀಟುಗಳ ಮೇಲೆ ಹಳದಿ ಬೆಳಕು ಹರಿದಾಡಿತು, ಯಾರೂ ಅಲುಗಲಿಲ್ಲ.

ಏಳೂ ಐದಕ್ಕೆ ಶಾಲೆಯ ಅಂಗಳ. ಮಕ್ಕಳನ್ನು ಎಬ್ಬಿಸಲು ಅವಳು ಮಾಡುವುದು ಇಷ್ಟೇ, ಎಂಜಿನ್ ಆರಿಸುವುದು. ಸದ್ದು ನಿಂತ ಕೂಡಲೇ ಅವರಿಗೆ ಎಚ್ಚರ. ಅಂದೂ ಒಬ್ಬೊಬ್ಬರಾಗಿ ಆಕಳಿಸುತ್ತ, ಬ್ಯಾಗು ಹುಡುಕುತ್ತ ಇಳಿದು ಹೋದರು. ಸಾಹೇಬರೂ ಕಣ್ಣು ಬಿಟ್ಟರು. ಎಲ್ಲಿದ್ದೇನೆಂದು ತಿಳಿಯಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಏಳಲು ಹೋದರು, ಆಗಲಿಲ್ಲ. ಬಲತೋಳಿನ ಮೇಲೆ ಒಂದು ತಲೆ ಇತ್ತು. ಪುಟ್ಟಿಗೆ ಇನ್ನೂ ಎಚ್ಚರವಾಗಿರಲಿಲ್ಲ. ಅವಳ ಜೊಲ್ಲಿನಿಂದ ಸಾಹೇಬರ ಇಸ್ತ್ರಿ ತೋಳು ಅಂಗೈಯಗಲ ಒದ್ದೆಯಾಗಿತ್ತು.

ಅವರು ಅಲುಗದೆ ಕೂತರು. ಹುಡುಗಿಯ ಕಾಲುಚೀಲ ನೋಡಿದರು. ಬ್ಯಾಗಿಗೆ ಹೊಲಿದ ಸ್ಟಾಪಿನ ಚೀಟಿಯನ್ನು ಓದಿದರು. ಡ್ರೈವರಮ್ಮ ಎದ್ದು ಬಂದು ಎದುರಿನ ಸೀಟಿನ ಕಂಬಿ ಹಿಡಿದು ನಿಂತಳು.

"ನನ್ನನ್ನ ಯಾಕೆ ಎಬ್ಬಿಸ್ಲಿಲ್ಲ?" ಎಂದರು ಸಾಹೇಬರು, ಪಿಸುಮಾತಿನಲ್ಲಿ.

"ನಂಗೆ ಬರಲ್ಲ ಸಾರ್, ಅದು."

ಸಾಹೇಬರು ಎಡಗೈಯಲ್ಲಿ ಇನ್ನೊಂದು ಪೆನ್ನು ತೆಗೆದರು. ಎಡಗೈ ರೂಢಿಯಿಲ್ಲದ ಕೈ, ಅಕ್ಷರಗಳು ಒಂದನೇ ತರಗತಿಯ ಮಗುವಿನ ಹಾಗೆ ಓಲಾಡಿದವು. ಬರೆದು ಮುಗಿಸಿ ರಟ್ಟನ್ನು ಅವಳ ಕಡೆ ತಿರುಗಿಸಿದರು. ಅವಳು ಕೂಡಿಸಿ ಕೂಡಿಸಿ ಓದಿದಳು.

ಪಂಪ್‌ಹೌಸ್ ಸ್ಟಾಪನ್ನು ನಾನು ಕಣ್ಣಾರೆ ನೋಡಲಿಲ್ಲ. ನಿದ್ದೆ ಹೋಗಿದ್ದೆ. ಮಗು ಇದೆ.