ಅರವತ್ತೈದು ಕೇಜಿ, ಒಂದು ಬಾಟ್ಲಿ ತಂಬ್ಳಿ

ತಡೀರಿ ತಡೀರಿ. ತೂಕ ಇಳ್ಸಿದ ಕತೆ ಅಂದ ಕೂಡ್ಲೇ "ಓ, ಇವನೂ ಬೆಳಿಗ್ಗೆ ಬಿಸಿನೀರು, ನಿಂಬೆಹಣ್ಣು ಅಂತ ಶುರು ಮಾಡ್ತಾನೆ" ಅಂದ್ಕೊಂಡು ಮುಂದೆ ಹೋಗ್ಬೇಡಿ. ಕಿರವತ್ತಿಲಿ ನಾನು ಬರೀ ಚಡ್ಡೀಲಿ ತೂಕದ ಮಷಿನ್ ಹತ್ತೋ ಜಾಗದ ತನಕ ಕಾಯಿರಿ. ನಮ್ಮ ಕಬಡ್ಡಿ ಟೀಮಿನವ್ರು ಅದನ್ನ ಸಿಕ್ಕಿದವ್ರಿಗೆಲ್ಲ ಹೇಳ್ಕೊಂಡು ತಿರುಗ್ತಿದಾರೆ. ಅವ್ರು ಹೇಳೋದ್ರಲ್ಲಿ ಅರ್ಧ ಸುಳ್ಳು. ಅದಕ್ಕೇ ನಾನೇ ಬರೀತಿದೀನಿ.

ಮೊದ್ಲೇ ಹೇಳ್ಬಿಡ್ತೀನಿ, ನಾನು ತರಕಾರಿ ತಿನ್ನಲ್ಲ. ಸ್ವಲ್ಪ ತಿಂತೀನಿ, ಅದು ಬಿಟ್ಟು ಇದು ತಿಂತೀನಿ ಅಂತೆಲ್ಲ ಇಲ್ಲ. ಬೆಂಡೆಕಾಯಿ ಲೋಳೆ, ಬದನೆಕಾಯಿ ಬೀಜ, ಸೌತೆಕಾಯಿ ವಾಸನೆ, ಹೀರೇಕಾಯಿ ಬಾಯಲ್ಲಿ ಒದ್ದೆ ಬಟ್ಟೆ ಥರ ಆಗೋದು, ಯಾವ್ದೂ ಆಗಲ್ಲ. ಮದ್ವೆ ಊಟಕ್ಕೆ ಕೂತ್ರೆ ಪಲ್ಯದವ್ರು ಬರೋದು ದೂರದಿಂದ್ಲೇ ಗೊತ್ತಾಗಿ ಎರಡೂ ಕೈ ಬಾಳೆ ಎಲೆಗೆ ಅಡ್ಡ ಹಿಡೀತೀನಿ. ಬಡಿಸೋರು ಕೈ ಸಂದಿಲೇ ಹಾಕಿ ಹೋಗ್ತಾರೆ, ಅದು ಬೇರೆ ಮಾತು. ಅನ್ನ, ಮೀನು ಸಾರು, ಮೊಟ್ಟೆ, ಕೋಳಿ, ಇಷ್ಟರಲ್ಲೇ ನಾನು ಬೆಳೆದಿದ್ದು.

ಬೆಳೆದಿದ್ದು ಜಾಸ್ತಿನೇ ಆಯ್ತು.

ನಮ್ಮ ಕಡೆ ಊರೂರಲ್ಲಿ ಕಬಡ್ಡಿ ಪಂದ್ಯ ತೂಕದ ಲೆಕ್ಕದಲ್ಲಿ ಮಾಡ್ತಾರೆ. ಅರವತ್ತೈದು ಕೇಜಿ ಒಳಗಿನವ್ರಿಗೆ ಅಂತ ಬ್ಯಾನರ್ ಹಾಕಿರ್ತಾರೆ, ಆಟಕ್ಕೆ ಮುಂಚೆ ಒಬ್ಬೊಬ್ರೇ ಮಷಿನ್ ಹತ್ಬೇಕು. ನೂರು ಗ್ರಾಂ ಜಾಸ್ತಿ ಬಂದ್ರೂ ಹೊರಗೆ ಕೂತು ಚಪ್ಪಾಳೆ ಹೊಡೀಬೇಕು. ನಾನು ಎಡ ಕಾರ್ನರ್. ರೈಡ್ ಮಾಡೋಕೆ ಬಂದವ ಕಾಲು ಚಾಚಿದ್ರೆ ಪಾದದ ಗಂಟು ಹಿಡಿದು ಮಲಗಿಸೋದು ನನ್ನ ಕೆಲಸ. ಜಂಬ ಅಲ್ಲ, ಅದನ್ನ ನಾನು ಚೆನ್ನಾಗಿ ಮಾಡ್ತೀನಿ. ಯಾರೂ ಹೇಳಿಕೊಟ್ಟಿದ್ದಲ್ಲ, ಮೊಬೈಲಲ್ಲಿ ಆಟ ನಿಧಾನಕ್ಕೆ ಓಡ್ಸಿ ನೋಡಿ ನೋಡಿ ಕಲ್ತಿದ್ದು.

ಒಂದು ಮಳೆಗಾಲ ಕಾಲು ಉಳುಕಿ ಆಟ ನಿಂತೋಯ್ತು. ಸಿದ್ದಾಪುರದಲ್ಲಿ ಮೊಬೈಲ್ ರಿಪೇರಿ ಅಂಗಡೀಲಿ ಕೂತು ಮಾಡೋ ಕೆಲಸ ನಂದು, ಪಕ್ಕದಲ್ಲೇ ಬೇಕರಿ. ಎಗ್ ಪಫ್ಸ್ ಓವನ್ನಿಂದ ಹೊರಗೆ ಬಂದಿದ್ದು ನನ್ನ ಮೂಗಿಗೆ ಮೊದ್ಲು ಗೊತ್ತಾಗ್ತಿತ್ತು. ಮಳೆ ಮುಗಿದು ಮೈದಾನಕ್ಕೆ ಇಳಿದಾಗ ಎಪ್ಪತ್ತು ದಾಟಿದ್ದೆ.

ನಮ್ಮ ಕ್ಯಾಪ್ಟನ್ ದೊಡ್ಮನೆ ಊರ ಕಡೆಯ ಹವ್ಯಕರ ಹುಡುಗ, ನನ್ನ ಜೊತೆ ಹೈಸ್ಕೂಲು ಓದಿದವ. ನಾನು ಒಂದು ಡೈವ್ ಹೊಡ್ದಿದ್ದು ನೋಡಿ ಸೀಟಿ ಊದಿ ಆಟ ನಿಲ್ಲಿಸ್ದ.

"ಮಾರಾಯ, ನೀ ಹಿಂಗೆ ಬಿದ್ರೆ ರೈಡರ್ ಸಿಗೋದಲ್ಲ, ಮ್ಯಾಟ್ ಹರಿಯೋದು."

"ಸ್ವಲ್ಪ ದಿನ ಕೊಡು, ಇಳೀತೀನಿ."

"ಕಿರವತ್ತಿ ಪಂದ್ಯಕ್ಕೆ ಹೆಸರು ಕೊಟ್ಟಾಗಿದೆ. ಅಷ್ಟರೊಳಗೆ ಅರವತ್ತೈದಕ್ಕೆ ಬಂದ್ರೆ ಕಾರ್ನರ್ ನಿಂದು. ಇಲ್ದಿದ್ರೆ ನನ್ನ ಚಿಕ್ಕಪ್ಪನ ಮಗ ಇದಾನೆ."

"ಅವನಾ? ಅವ ಕಾಲು ಹಿಡಿಯೋದು ನೋಡಿದೀಯಾ? ಆಶೀರ್ವಾದ ತಗೊಳ್ಳೋರ ಹಂಗೆ ಹಿಡೀತಾನೆ."

"ಹಿಡೀಲಿ. ಮಷಿನ್ ಮೇಲೆ ಪಾಸಾಗ್ತಾನಲ್ಲ."

ಒಪ್ಕೊಂಡೆ. ಕಾರ್ನರ್ ಬಿಟ್ರೆ ನನ್ನ ಹತ್ರ ಹೇಳ್ಕೊಳ್ಳೋಕೆ ಬೇರೆ ಎಂತದೂ ಇರ್ಲಿಲ್ಲ ನೋಡಿ.

ಮನೆಗೆ ಬಂದು ವಿಡಿಯೋ ನೋಡೋಕೆ ಕೂತೆ. ಎಲ್ಲರೂ ಹೇಳೋದು ಒಂದೇ, ತಟ್ಟೇಲಿ ಅರ್ಧ ತರಕಾರಿ ಇರ್ಬೇಕಂತೆ. ಒಬ್ಬ ಬ್ರೊಕೊಲಿ ಬ್ರೊಕೊಲಿ ಅಂತ ಬಡ್ಕೊಂಡ. ಸಂತೇಲಿ ಹಾನಗಲ್ ಕಡೆಯಿಂದ ತರಕಾರಿ ತರೋ ಅಜ್ಜಿ ಹತ್ರ ಕೇಳಿದ್ರೆ "ಅದ್ಯಾವ ಕಂಪನಿದಪಾ?" ಅಂದ್ಳು. ಸೌತೆಕಾಯಿ ತಗೊಂಡು ಬಂದೆ. ಅಮ್ಮ ಚೆನ್ನಾಗಿ ಬಿಲ್ಲೆ ಮಾಡಿ ಉಪ್ಪು ಹಾಕಿ ಕೊಟ್ಲು. ಮೂಗು ಮುಚ್ಚಿ ಒಂದು ಬಾಯಿಗೆ ಹಾಕ್ದೆ, ಅದು ಹೋದ ದಾರೀಲೇ ವಾಪಸ್ ಬಂತು.

ಅಮ್ಮ ಬಾಗಿಲಲ್ಲಿ ನಿಂತು ನೋಡ್ತಿದ್ಲು. "ದನ ತಿಂತದೆ, ನಿಂಗೆ ಎಂತ ಆಗ್ತದೆ ಮಗಾ?"

"ದನ ಸಣ್ಣ ಆಗಿದ್ದು ನೀ ಎಲ್ಲಾದ್ರೂ ನೋಡಿದೀಯಾ ಅಮ್ಮ?"

ಆಮೇಲೆ ಎರಡು ದಿನ ಊಟ ಬಿಟ್ಟು ನೋಡ್ದೆ. ಎರಡನೇ ಸಂಜೆ ಗಿರಾಕಿ ಫೋನಿನ ಸ್ಕ್ರೂ ಕಳೆದೆ, ಇನ್ನೊಬ್ರಿಗೆ ಬೈದೆ, ಕಡೆಗೆ ಬೇಕರಿಗೆ ಹೋಗಿ ನಾಕು ಪಫ್ಸ್ ತಿಂದೆ. ಉಪವಾಸ ನಮ್ಮಂಥವ್ರಿಗಲ್ಲ, ಅದು ಅಲ್ಲಿಗೇ ಮುಗೀತು.

ದಾರಿ ಸಿಕ್ಕಿದ್ದು ಕ್ಯಾಪ್ಟನ್ ಮನೆ ಜಗಲೀಲಿ. ಅವತ್ತು ಪ್ರಾಕ್ಟೀಸ್ ಮುಗಿಸಿ ಬಿಸಿಲಲ್ಲಿ ಅವನ ಮನೆಗೆ ಹೋದ್ವಿ. ಅವನ ಅಮ್ಮನ್ನ ಟೀಮಿನವ್ರೆಲ್ಲ ಆಯಿ ಅಂತ್ಲೇ ಕರೆಯೋದು.

"ಬಾರೋ ತಮಾ, ಬಿಸ್ಲಲ್ಲಿ ಬಂದ್ಯಲಾ. ಆಸ್ರಿಗೆ ಎಂತ ಬೇಕು?" ಅಂದ್ರು. ಆಸ್ರಿ ಅಂದ್ರೆ ಬಾಯಾರಿಕೆಗೆ ಕೊಡೋದು. ಆ ಕಡೆ ಯಾರ ಮನೆಗೆ ಹೋದ್ರೂ ಮೊದ್ಲು ಕೇಳೋ ಮಾತೇ ಅದು.

"ತಣ್ಣಗಿರೋದು ಎಂತಾದ್ರೂ ಆಗ್ತದೆ ಆಯಿ."

ದೊಡ್ಡ ಲೋಟದಲ್ಲಿ ತಿಳಿ ಹಸಿರು ಮಜ್ಜಿಗೆ ಬಂತು. ಒಗ್ಗರಣೆ ಮೆಣಸಿನ ಘಮ, ಜೀರಿಗೆ, ಸ್ವಲ್ಪ ಕಾಯಿ. ಒಂದೇ ಉಸಿರಿಗೆ ಕುಡಿದು ಲೋಟ ಮುಂದೆ ಹಿಡ್ದೆ. ಇನ್ನೊಂದು ಲೋಟ ಹಾಕಿದ್ರು. ಅದೂ ಹೋಯ್ತು.

ಕ್ಯಾಪ್ಟನ್ ಒಳಗಿಂದ ಬಂದವ ನನ್ನ ಲೋಟ ನೋಡಿ, "ಆಯೀ, ಅವ ಸೊಪ್ಪು ತಿಂತ್ನಿಲ್ಲೆ, ಅವಂಗೆ ಎಂತಕ್ಕೆ ಕೊಟ್ಟೆ?" ಅಂದ.

"ತಿಂದ್ರೆ ತಿನ್ನಲಿ ಬಿಟ್ರೆ ಬಿಡಲಿ, ಎರಡು ಲೋಟ ಕುಡದಾತಲಾ!" ಅಂತ ಆಯಿ ನಕ್ರು.

"ಯಾವ ಸೊಪ್ಪು?" ಅಂದೆ ನಾನು.

ಒಂದೆಲಗ. ಬಾವಿ ಕಟ್ಟೆ ಹತ್ರ ಹಬ್ಬಿರ್ತದಲ್ಲ, ಅದೇ. ಹಸಿ ಸೊಪ್ಪನ್ನ ಕಾಯಿ ಜೊತೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಹಾಕಿದ ತಂಬ್ಳಿ. ನಾನು ಹುಟ್ಟಿದಾಗಿಂದ ನೋಡಿದೀನಿ, ಅದು ಸೊಪ್ಪು ಅಂತ ಗೊತ್ತಿದ್ದಕ್ಕೇ ಮುಟ್ಟಿರ್ಲಿಲ್ಲ. ಅವತ್ತು ಲೋಟದಲ್ಲಿ ಬಂದಿದ್ದಕ್ಕೆ ಗುರುತು ಸಿಗದೆ ಒಂದು ಹಿಡಿ ಹಸಿ ಸೊಪ್ಪು ಹೊಟ್ಟೆಗೆ ಹೋಗಿತ್ತು. ವಾಪಸ್ ಬರ್ಲಿಲ್ಲ. ಜಗಲಿ ಕಂಬಕ್ಕೆ ಒರಗಿ ಯೋಚ್ನೆ ಮಾಡ್ದೆ. ನನ್ನ ಜಗಳ ಇದ್ದಿದ್ದು ಹಲ್ಲಿನ ಹತ್ರ! ಅಗಿಯೋದು ಬೇಡ ಅಂದ್ರೆ ನಂಗೆ ಸೊಪ್ಪೂ ಆಗ್ತದೆ. ಯಾವ ವಿಡಿಯೋದವನೂ ಇದನ್ನ ಹೇಳಿರ್ಲಿಲ್ಲ.

ಮನೆಗೆ ಬಂದು ಅಮ್ಮಂಗೆ ಹೇಳಿದ್ರೆ ಅವ್ಳಿಗೆ ಸಿಟ್ಟೇ ಬಂತು. "ಇಷ್ಟು ವರ್ಷ ನಾನು ಮಾಡಿದ್ದನ್ನ ಮೂಸಿ ನೋಡ್ಲಿಲ್ಲ, ಅವರ ಮನೇಲಿ ಎರಡು ಲೋಟನಾ?" ಅಂದ್ಲು. ಆದ್ರೂ ಮಾರನೇ ದಿನದಿಂದ ಶುರು. ಒಂದಿನ ಒಂದೆಲಗ, ಒಂದಿನ ದೊಡ್ಡಪತ್ರೆ, ಒಂದಿನ ನೆಲ್ಲಿಕಾಯಿ. ನಾನು ಟೀಮಿಗೆಲ್ಲ ಸಾರಿಬಿಟ್ಟೆ, ನೋಡ್ತಿರಿ, ಇನ್ನು ಇಳಿಯೋದೊಂದೇ ಅಂತ.

ಇಳೀಲಿಲ್ಲ. ಏರ್ತು.

ನಾನು ತೂಕ ನೋಡ್ತಿದ್ದಿದ್ದು ನಮ್ಮ ಅಂಗಡಿ ಹಿಂದಿನ ಅಡಿಕೆ ಗೋಡೌನಿನ ಕಾಟಾದಲ್ಲಿ. ಅಲ್ಲಿ ಚೀಲ ಎತ್ತೋ ಅಣ್ಣ ಮುಳ್ಳು ನೋಡಿ ತಲೆ ಆಡಿಸ್ದ. "ತಮಾ, ಹಸಿ ಅಡಿಕೆ ಬಿಸಿಲಿಗೆ ಹಾಕಿದ್ರೆ ತೂಕ ಇಳೀತದೆ. ನೀ ಎಂತ ಮಾಲು ಮಾರಾಯ, ದಿನಾ ಬಿಸಿಲಲ್ಲಿ ಓಡಿ ಏರ್ತೀಯಲ್ಲ!"

ಕ್ಯಾಪ್ಟನ್ ಹತ್ರ ಹೋಗಿ ತಂಬ್ಳಿ ಮೇಲೆ ದೂರು ಹೇಳ್ದೆ. ಅವ ವಕೀಲರ ಥರ ಕೇಳೋಕೆ ಶುರು ಮಾಡ್ದ.

"ತಂಬ್ಳಿಗೆ ಅನ್ನ ಎಷ್ಟು ಹಾಕ್ಕೊಂಡೆ?"

"ತಂಬ್ಳಿ ಮುಗಿಯೋ ತನಕ."

"ತಂಬ್ಳಿ ಎಷ್ಟು ಹಾಕ್ಕೊಂಡೆ?"

"ಅನ್ನ ಮುಗಿಯೋ ತನಕ."

ಅವ ಹಣೆ ಚಚ್ಕೊಂಡ. ನಮ್ಮ ಕಡೆಯವ್ರಿಗೆ ಮಾತ್ರ ಅರ್ಥ ಆಗೋ ತಪ್ಪು ಇದು. ತಂಬ್ಳಿ ರುಚಿ ಆದಷ್ಟೂ ಅನ್ನ ತಾನಾಗೇ ಕೆಳಗೆ ಇಳೀತದೆ, ಹೊಟ್ಟೆ ತುಂಬಿದ್ದೇ ಗೊತ್ತಾಗಲ್ಲ. ನಾನು ಸೊಪ್ಪಿನ ಹೆಸರಲ್ಲಿ ಮೊದ್ಲಿಗಿಂತ ಎರಡು ಪಾಲು ಅನ್ನ ಹೊಡೀತಿದ್ದೆ.

ಅವತ್ತಿಂದ ನನ್ನದೇ ಒಂದು ಪದ್ಧತಿ ಮಾಡ್ಕೊಂಡೆ. ಊಟಕ್ಕೆ ಕೂರೋ ಮುಂಚೆ ತಂಬ್ಳಿ ಲೋಟದಲ್ಲಿ, ನಿಂತ್ಕೊಂಡು. ಆಮೇಲೆ ಮೀನು ಇಲ್ಲಾ ಮೊಟ್ಟೆ. ಕುಮಟಾದಿಂದ ಘಟ್ಟ ಹತ್ತಿ ಬರೋ ಮೀನಿನ ಗಾಡಿ ಹಾರ್ನ್ ಕೇಳಿದ್ರೆ ಬಂಗಡೆ, ಇಲ್ದಿದ್ರೆ ಹೆಸರುಕಾಳು ಉಸ್ಲಿ. ಅನ್ನ ಕಡೆಗೆ, ಅಮ್ಮ ಒಂದ್ಸಲ ಹಾಕಿದ್ದೇ ಕಡೆ. ಇದು ಅಮ್ಮಂಗೆ ಭಾರೀ ಕಷ್ಟ ಆಯ್ತು. ಅನ್ನದ ಪಾತ್ರೆ ಹಿಡ್ಕೊಂಡು ನಿಂತೇ ಇರ್ತಿದ್ಲು.

"ಅನ್ನ ಇಲ್ದೆ ತಂಬ್ಳಿ ಕುಡಿಯೋದು ಹೊಟ್ಟೆ ಕೆಟ್ಟವ್ರು. ಯಾರಾದ್ರೂ ನೋಡಿದ್ರೆ ಎಂತ ಅಂದ್ಕೊಳ್ತಾರೆ?"

"ಹೊಟ್ಟೆ ಕೆಟ್ಟಿದ್ದಕ್ಕೇ ಅಲ್ವಾ ಅಮ್ಮ ಇಷ್ಟು ದಪ್ಪ ಇರೋದು?"

ಒಂದು ವಾರ ಮುಖ ಊದಿಸ್ಕೊಂಡಿದ್ಲು. ಆಮೇಲೆ ಅವ್ಳಿಗೇ ಹುರುಪು ಬಂತು. ದಾಳಿಂಬೆ ಸಿಪ್ಪೆ, ಬೇಲಿ ಮೇಲಿನ ಕುಡಿ, ಹೆಸರೇ ಗೊತ್ತಿಲ್ಲದ ಸೊಪ್ಪು, ಎಲ್ಲಾ ರುಬ್ಬಿ ಹಾಕಿ, ನಾನು ಕುಡಿದ ಮೇಲೆ "ಎಂತದ್ದು ಹೇಳು ನೋಡ್ವಾ" ಅಂತ ಕೇಳೋಳು. ಬೇಕರಿಯವ ದಾರೀಲಿ ತಡೆದು "ಎಂತ ಮಾರಾಯ, ಬೇರೆ ಬೇಕರಿ ಹಿಡಿದ್ಯಾ?" ಅಂದ. ಮುಳ್ಳು ನಿಧಾನಕ್ಕೆ ಹಿಂದೆ ಬಂತು. ಒಂದೊಂದ್ಸಲ ಅಲ್ಲೇ ಕೂತು ಸತಾಯಿಸ್ತು, ಆದ್ರೂ ಬಂತು. ಡೈವ್ ಹೊಡೆದು ಎದ್ದಾಗ ಉಸಿರು ಮೊದ್ಲಿನ ಹಂಗೆ ನನ್ನ ಹತ್ರನೇ ಇರ್ತಿತ್ತು.

ಕಿರವತ್ತಿ ಪಂದ್ಯದ ದಿನ ಬೆಳಿಗ್ಗೆ ಗೋಡೌನಿನ ಕಾಟಾದಲ್ಲಿ ಅರವತ್ನಾಲ್ಕೂವರೆ. ಚೀಲದ ಅಣ್ಣ ಬೆನ್ನು ತಟ್ಟಿ "ಈಗ ಒಣಗ್ದೆ ನೋಡು" ಅಂದ.

ಓಮ್ನೀಲಿ ಹೊರಟ್ವಿ. ಆಯಿ ಕ್ಯಾಪ್ಟನ್ ಕೈಲಿ ಒಂದು ದೊಡ್ಡ ಬಾಟ್ಲಿ ಕಳ್ಸಿದ್ರು, ಕಾರ್ನರ್ ಹುಡುಗಂಗೆ ಕೊಡು ಅಂತ. ಒಂದೆಲಗದ್ದು. ಶಿರಸಿ ದಾಟಿ ಯಲ್ಲಾಪುರ ಬರೋ ಹೊತ್ತಿಗೆ ಸೆಖೆ ಅಂದ್ರೆ ಸೆಖೆ. ಉಳಿದವ್ರು ತೂಕಕ್ಕೆ ಹೆದರಿ ನೀರೂ ಕುಡೀದೆ ಒಣಗಿ ಕೂತಿದ್ರು. ನಂಗೆಂತ ಹೆದರಿಕೆ? ತಂಬ್ಳಿ ಕುಡಿದೇ ತೂಕ ಇಳಿಸಿದವ ನಾನು. ಕಿಟಕಿ ಗಾಳಿಗೆ ಮುಖ ಕೊಟ್ಕೊಂಡು ಗುಟುಕು ಗುಟುಕಾಗಿ ಬಾಟ್ಲಿ ಪೂರ್ತಿ ಖಾಲಿ ಮಾಡ್ದೆ.

ಈಗ ನೀವು ಕಾಯ್ತಿದ್ದ ಜಾಗ. ಕಿರವತ್ತಿ, ಪೆಂಡಾಲು, ಮೇಜಿನ ಪಕ್ಕ ತೂಕದ ಮಷಿನ್. ಬರೀ ಚಡ್ಡೀಲಿ ಎದೆ ಉಬ್ಬಿಸ್ಕೊಂಡು ಹತ್ತಿದೆ. ಅರವತ್ತೈದು ಪಾಯಿಂಟ್ ನಾಕು.

"ನಾಕ್ನೂರು ಗ್ರಾಂ ಹೆಚ್ಚೈತ್ರಿ" ಅಂದ್ರು ಮೇಜಿನ ಹತ್ರ ಕೂತವ್ರು.

"ಮಷಿನ್ ತಪ್ಪು ತೋರಿಸ್ತಿದೆ ಸರ್."

"ಉಳದವ್ರಿಗೆಲ್ಲ ಸರಿ ಐತಿ, ನಿಮಗಷ್ಟ ತಪ್ಪೇನ್ರಿ? ತೂಕ ಮುಗಿಯೋದ್ರಾಗ ಇನ್ನೊಮ್ಮೆ ಬರ್ರಿ, ಇಳದಿದ್ರ ಆಡ್ರಿ."

ಕ್ಯಾಪ್ಟನ್ ಕಿವಿ ಹತ್ರ ಬಂದ. "ಬೆಳಿಗ್ಗೆಯಿಂದ ಎಂತ ತಿಂದೆ?"

"ಎಂತದೂ ಇಲ್ಲ, ಆಣೆ."

"ಎಂತ ಕುಡಿದೆ?"

ಓಮ್ನಿ ಸೀಟ್ ಮೇಲೆ ಖಾಲಿ ಬಾಟ್ಲಿ ಮಲಗಿತ್ತು. ಇಬ್ರೂ ಅದನ್ನೇ ನೋಡಿದ್ವಿ. ಒಂದು ಲೀಟರ್ ಹೊಟ್ಟೆಗೆ ಹಾಕ್ಕೊಂಡ್ರೆ ಒಂದು ಕೇಜಿ ಮಷಿನ್ ಮೇಲೆ ಬರ್ತದೆ ಅನ್ನೋದು ನನ್ನ ತಲೆಗೆ ಹೋಗಿದ್ದು ಆವಾಗ. ನಾನು ತಂಬ್ಳಿನ ಔಷಧಿ ಅಂತ ನಂಬಿಬಿಟ್ಟಿದ್ದೆ, ಅದಕ್ಕೂ ತೂಕ ಇದೆ ಅಂತ ಹೊಳೀಲೇ ಇಲ್ಲ.

"ಸೊಪ್ಪು ಮುಟ್ಟದವ ಸೊಪ್ಪಿಂದ್ಲೇ ಹೊರಗೆ ಬಿದ್ನಲ್ರೋ!" ಅಂತ ಯಾರೋ ಕೂಗಿದ್ರು. ಎಲ್ಲ ಬಿದ್ದು ಬಿದ್ದು ನಕ್ರು. ನಂಗೆ ನಗು ಬರ್ಲಿಲ್ಲ. ಕ್ಯಾಪ್ಟನ್ ಚಿಕ್ಕಪ್ಪನ ಮಗ ಮಷಿನ್ ಮೇಲೆ ಪಾಸಾಗಿ ನನ್ನ ಜೆರ್ಸಿ ಕೈಲಿ ಹಿಡ್ಕೊಂಡು ನಿಂತಿದ್ದ.

ಬೆವರು ಇಳೀಲಿ ಅಂತ ಸಿಕ್ಕಿದವ್ರ ಜಾಕೆಟ್ ಎಲ್ಲಾ ಹಾಕ್ಕೊಂಡು ಹೈವೇ ಪಕ್ಕ ಓಡೋಕೆ ಶುರು ಮಾಡ್ದೆ. ಓಮ್ನಿ ಹಿಂದೆ ನಿಧಾನಕ್ಕೆ ಬರ್ತಿತ್ತು. ಧಾಬಾ ಎದುರು ನಿಂತಿದ್ದ ಲಾರಿ ಡ್ರೈವರ್ ಒಬ್ಬ, ಗಾಡಿ ತಳ್ಳೋದು ಬಿಟ್ಟು ಎಳ್ಕೊಂಡು ಹೋಗ್ತಿದೀಯಾ ಅಂತ ಕೇಳ್ದ. ಕ್ಯಾಪ್ಟನ್ ಕಿಟಕಿಯಿಂದ ತಲೆ ಹಾಕಿ "ತಂಬ್ಳಿ ತಂಪು ಮಾರಾಯ, ಬೇಗ ಹೋಗ್ತದೆ, ಧೈರ್ಯ ಬಿಡ್ಬೇಡ" ಅಂತಿದ್ದ. ಅವ ಹೇಳಿದ್ದು ಖರೆ ಆಯ್ತು. ಹೊರಟಾಗ ಒಂದ್ಸಲ, ಬರೋವಾಗ ಇನ್ನೊಂದ್ಸಲ ಪೊದೆ ಹಿಂದೆ ಹೋಗಿ ಬಂದೆ. ಜಾಕೆಟ್ ಬಿಚ್ಚಿ ಹಿಂಡಿದ್ರೆ ನೀರು ಬರೋ ಹಂಗಿತ್ತು.

ಎರಡನೇ ಸಲ ಹತ್ತಿದಾಗ ಕೆಳಗೆ ನೋಡ್ಲಿಲ್ಲ. ಮೇಜಿನವ್ರ ಮುಖನೇ ನೋಡ್ತಿದ್ದೆ.

"ಅರವತ್ನಾಕು ಪಾಯಿಂಟ್ ಒಂಬತ್ತು. ಇಳೀರಿ ಲಗೂನ, ಇನ್ನೇನರ ಕುಡದೀರಿ ಮತ್ತ."

ಚಿಕ್ಕಪ್ಪನ ಮಗ ಜೆರ್ಸಿ ನನ್ನ ಹೆಗಲಿಗೆ ಹಾಕ್ದ. "ಹಿಡಿ ಅಣ್ಣ. ನಂಗೂ ಆಶೀರ್ವಾದ ತಗೊಂಡು ಸಾಕಾಗಿದೆ" ಅಂದ. ನಾನು ಹೇಳಿದ್ದು ಅವನ ಕಿವಿಗೂ ಹೋಗಿತ್ತು ಅಂತಾಯ್ತು.

ಮೊದ್ಲ ರೈಡಿಗೇ ಎದುರು ಟೀಮಿನ ಉದ್ದ ಕಾಲಿನವ ನನ್ನ ಮೂಲೆಗೆ ಕಾಲು ಚಾಚ್ದ. ಹೋದೆ, ಹಿಡ್ದೆ, ಬಿಡ್ಲಿಲ್ಲ. ಮ್ಯಾಟೂ ಹರೀಲಿಲ್ಲ. ಸೆಮಿಫೈನಲ್ಲಲ್ಲಿ ಸೋತ್ವಿ, ಅದು ರೈಡರ್‌ಗಳ ಕರ್ಮ, ಕಾರ್ನರ್‌ದು ಅಲ್ಲ. ವಾಪಸ್ ಬರೋವಾಗ ಅದೇ ಧಾಬಾದಲ್ಲಿ ಊಟಕ್ಕೆ ಕೂತ್ವಿ. ಮಾಣಿ ಸೌತೆಕಾಯಿ ಬಿಲ್ಲೆ ತಟ್ಟೆ ತಂದಿಟ್ಟ. ಎಲ್ರೂ ಸೇರಿ ಅದನ್ನ ನನ್ನ ಎದುರಿಗೆ ತಳ್ಳಿದ್ರು, ನಾನು ಹಂಗೇ ವಾಪಸ್ ತಳ್ಳಿದೆ. ಸೌತೆಕಾಯಿ ಆವತ್ತೂ ತಿನ್ಲಿಲ್ಲ, ಇವತ್ತೂ ತಿನ್ನಲ್ಲ. ಆದ್ರೂ ಎಡ ಕಾರ್ನರ್ ನಂದೇ ಇದೆ. ಈಗ ತೂಕ ಆಗೋ ತನಕ ನನ್ನ ಬಾಟ್ಲಿ ಕ್ಯಾಪ್ಟನ್ ಬ್ಯಾಗಲ್ಲಿ ಇರ್ತದೆ, ಅಷ್ಟೇ ವ್ಯತ್ಯಾಸ.

ತರಕಾರಿ ಕಂಡ್ರೆ ಓಡೋರು ನಾನೊಬ್ನೇ ಅಲ್ಲ ಅಂತ ಚೆನ್ನಾಗಿ ಗೊತ್ತು. ನಿಮಗೆ ಯಾವ್ದು ಗಂಟಲಿಗೆ ಇಳಿಯಲ್ಲ? ಅದನ್ನ ಬೇರೆ ವೇಷ ಹಾಕ್ಸಿ ಹೊಟ್ಟೆಗೆ ಕಳ್ಸಿದೋರು ನಿಮ್ಮ ಮನೇಲಿ ಯಾರು? ಕೆಳಗೆ ಬರೀರಿ. ಅಗಿಯೋದು ಬೇಡದ್ದೇನಾದ್ರೂ ಇದ್ರೆ ಅದನ್ನ ಮೊದ್ಲು ಬರೀರಿ, ಅಮ್ಮ ಹೊಸ ಸೊಪ್ಪಿಗೆ ಕಾಯ್ತಿದಾಳೆ.