ಪೆಟ್ಟಿಗೆಯಿಂದ ಹೊರಬಂದ ಕ್ಯಾಮೆರಾ

ಸ್ಟುಡಿಯೋ ಮಾವನ ಅಂಗಿಯ ಜೇಬಿನಿಂದ ಸದಾ ಒಂದು ಹುರಿಯ ತುದಿ ಇಳಿಬಿದ್ದಿರುತ್ತಿತ್ತು. ಕಾಫಿ ಮೂಟೆಯ ಬಾಯಿ ಹೊಲಿಯುವ ಹುರಿ. ಅಡಿಗೊಂದು ಗಂಟು, ಬೆವರಿಗೆ ಕಪ್ಪಾದ ಗಂಟುಗಳು. ಸ್ಟೂಲಿನ ಮೇಲೆ ಕೂತವರ ಕಣ್ಣಿನ ಪಕ್ಕದಿಂದ ಕ್ಯಾಮೆರಾದವರೆಗೆ ಅದನ್ನು ಎಳೆದು, ಗಂಟು ಎಣಿಸಿ, ಲೆನ್ಸಿನ ಅಂಕಿ ತಿರುಗಿಸುತ್ತಿದ್ದರು. ಹುರಿ ಸಿಕ್ಕಿಕೊಳ್ಳುತ್ತದೆಂದು ಕೈಗೆ ವಾಚು ಕೂಡ ಕಟ್ಟುತ್ತಿರಲಿಲ್ಲ. "ಕಣ್ಣು ಸರಿ ಬಂದ್ರೆ ಮುಖ ಸರಿ. ಉಳಿದದ್ದು ಹೆಂಗಾದ್ರೂ ಇರ್ಲಿ" ಎನ್ನುತ್ತಿದ್ದರು. ಮೂಡಿಗೆರೆಯಲ್ಲಿ ನಮ್ಮ ಪಕ್ಕದ ಮನೆ ಅವರದು. ಸಂಬಂಧವೇನಿಲ್ಲ, ಬಳಕೆಯಿಂದ ಮಾವ. ನನ್ನ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿನ ಫೋಟೋ ತೆಗೆದದ್ದೂ ಅವರೇ, ಹುರಿ ಹಿಡಿದು.

ಡಿಜಿಟಲ್ ಬಂದ ಮೇಲೆ ಅವರೂ ಹೊಸ ಕ್ಯಾಮೆರಾ ಕೊಂಡರು. ಒಂದು ಕ್ಯಾಮೆರಾ, ಒಂದೇ ಲೆನ್ಸು. ಫೋಕಸ್ ಅದೇ ಮಾಡಿಕೊಳ್ಳುತ್ತಿತ್ತು. ಬಣಕಲ್ ಕಡೆಯ ಎಸ್ಟೇಟಿನ ಮದುವೆಯೊಂದರ ಆಲ್ಬಮ್ಮನ್ನು ಧಣಿಗಳು ವಾಪಸ್ ತಂದು ಮೇಜಿನ ಮೇಲೆ ಹಾಕಿದರು.

"ನಿಮ್ಮನ್ನ ಕರೆಸಿದ್ದು ಓಲೆ ಫೋಟೋ ತೆಗೆಯೋಕಾ ಮಾರಾಯ್ರೆ?"

ಮದುಮಗಳ ಕಣ್ಣು ಮಬ್ಬು. ಓಲೆಯ ಹರಳು ಮಾತ್ರ ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಮುಂದಿನ ಎರಡು ಮದುವೆಗಳಲ್ಲೂ ಹಾಗೇ ಆಯಿತು. ಮಾವನ ಕಣ್ಣಿಗೆ ಪೊರೆ ಬಂದಿದೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ಮಾತಾಯಿತು. ಹಾಗೆ ಆಡಿಕೊಂಡವರ ಮದುವೆಯ ಫೋಟೋವನ್ನೂ ಇದೇ ಮಾವ ತೆಗೆದಿದ್ದರಲ್ಲ, ಆ ನಾಲಿಗೆಗಳ ಮೇಲೆ ನನಗೆ ಈಗಲೂ ಸಿಟ್ಟಿದೆ. ಆದರೆ ಆ ಜನ ಭೌತಶಾಸ್ತ್ರ ಓದಿರಲಿಲ್ಲ. ನಾನು ಎಂ.ಎಸ್ಸಿ. ಮಾಡಿ ಬಂದಿದ್ದೆ, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ನಾನೂ ಪೊರೆ ಎಂದೇ ನಂಬಿದೆ.

"ನನ್ನ ಕಣ್ಣು ಹೋಗಿದ್ರೆ ಒಂದ್ಸಲ ಮೂಗಿಗೆ, ಒಂದ್ಸಲ ಕಿವಿಗೆ ಹೋಗ್ಬೇಕಿತ್ತು. ಇದು ಪ್ರತಿ ಸಲ ಹಿಂದಕ್ಕೇ ಹೋಗ್ತದೆ. ನೋಡಿಲ್ಲಿ" ಎಂದು ಮಾವ ಹುರಿ ತೆಗೆದರು. ಆಟೋಫೋಕಸ್ ಬಂದ್ ಮಾಡಿ, ಗಂಟು ಎಣಿಸಿ ನನ್ನ ಫೋಟೋ ತೆಗೆದರು. ರೆಪ್ಪೆಯ ಕೂದಲು ಬಿಡಿಬಿಡಿಯಾಗಿ ಕಾಣುತ್ತಿತ್ತು. ಇದಕ್ಕಿಂತ ಸರಳವಾದ ಪ್ರಯೋಗ ನಾನು ಯಾವ ಲ್ಯಾಬಿನಲ್ಲೂ ನೋಡಿಲ್ಲ. ನಾನು ನಕ್ಕೆ.

"ಮದುವೆ ಮನೇಲಿ ಧಾರೆ ನಿಲ್ಸಿ, ಹುರಿ ಹಿಡೀತೀನಿ ಅಂತೀರಾ ಮಾವ?"

ಅವರು ನಗಲಿಲ್ಲ. "ಹಂಗಾದ್ರೆ ಕಂಪೆನಿಯವರೇ ಹೇಳ್ಲಿ" ಎಂದರು. ಲೆನ್ಸನ್ನು ಪರೀಕ್ಷಿಸಿ ಹೊಂದಿಸಿಕೊಡಿ ಎಂದು ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದವನು ನಾನು. ಮೂರು ವಾರಕ್ಕೆ ಲೆನ್ಸು ವಾಪಸ್ ಬಂತು, ಜೊತೆಗೊಂದು ಮೊಹರಿನ ಕಾಗದ: ಲೆನ್ಸು ಸರಿಯಾಗಿದೆ, ದೋಷವಿಲ್ಲ. ಗಿರಾಕಿಗಳು ನಿಂತಿದ್ದಾಗಲೇ ಅದನ್ನು ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಅರ್ಥ ಹೇಳಿದೆ. "ಇನ್ನು ಕಣ್ಣಿನ ಡಾಕ್ಟರ ಹತ್ರ ಹೋಗೋಣ ಮಾವ" ಅಂತಲೂ ಸೇರಿಸಿದೆ.

ಮಾವ ಕಾಗದ ಮಡಿಸಿ ಹುರಿಯ ಜೇಬಿಗೆ ಹಾಕಿಕೊಂಡರು. ಆಮೇಲೆ ಅವರನ್ನು ಯಾರೂ ಮದುವೆಗೆ ಕರೆಯಲಿಲ್ಲ. ಸ್ಟುಡಿಯೋದಲ್ಲಿ ಜೆರಾಕ್ಸ್ ಮೆಷಿನ್ ಬಂತು. ನಾಲ್ಕೈದು ವರ್ಷ ಜೆರಾಕ್ಸ್ ತೆಗೆಯುತ್ತಲೇ ಇದ್ದು ತೀರಿಕೊಂಡರು.

ಅವರು ಹೋದ ಮರುವರ್ಷ ನಾನೊಂದು ಕ್ಯಾಮೆರಾ ಕೊಂಡೆ. ಅದಕ್ಕೂ ಅದೇ ರೋಗ. ಬೆಂಗಳೂರಿಗೆ ಹೋದಾಗ ಲೆನ್ಸನ್ನು ರಿಪೇರಿಯ ಕೌಂಟರಿನ ಮೇಲಿಟ್ಟೆ. ಅಲ್ಲಿದ್ದ ಹೆಂಗಸು ಮುಟ್ಟಲೂ ಇಲ್ಲ. "ಕ್ಯಾಮೆರಾ ಎಲ್ಲಿ ಸರ್? ಲೆನ್ಸ್ ಒಂದನ್ನೇ ನೋಡಿದ್ರೆ ಸರಿಯಾಗೇ ಇರುತ್ತೆ. ಎರಡನ್ನೂ ಸೇರಿಸಿಯೇ ಹೊಂದಿಸ್ಬೇಕು."

ಮಾವನದೂ ಲೆನ್ಸು ಮಾತ್ರ ಹೋಗಿತ್ತು. ಮೊದಲು ಕಂಪೆನಿಯ ಮೇಲೆ ಕುದಿದೆ: ಕ್ಯಾಮೆರಾ ಎಲ್ಲಿ ಎಂದು ಅವತ್ತು ಒಂದು ಸಾಲು ಬರೆದು ಕೇಳಲಿಕ್ಕೇನಾಗಿತ್ತು? ಆಮೇಲೆ, ನಾಚಿಕೆಗೇಡು, ಸತ್ತ ಮಾವನ ಮೇಲೇ ತಿರುಗಿದೆ. ನನಗೆ ಸ್ಪಷ್ಟವಾಗಿ ನೆನಪಿತ್ತು. ಬೆಂಗಳೂರಿಗೆ ಕಳಿಸುವ ಪೆಟ್ಟಿಗೆಯಲ್ಲಿ ಕ್ಯಾಮೆರಾ, ಲೆನ್ಸು ಎರಡೂ ಇದ್ದವು. ಕಳಸದಲ್ಲಿ ಮದುವೆಯಿದೆ, ಇದು ಇರಲಿ ಎಂದು ಮಾವ ಕ್ಯಾಮೆರಾ ಎತ್ತಿ ಆಚೆ ಇಟ್ಟರು. ಊರಿಗೆ ಬಂದವನೇ ಮಾವನ ಹೆಂಡತಿ ಅತ್ತೆಯ ಮುಂದೆ ಇದನ್ನೇ ಹೇಳಿದೆ, ಸಿಟ್ಟಿನಿಂದಲೇ.

ಅತ್ತೆ ಬೇಳೆ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಯಾವ ಮದ್ವೆ? ಆಗ ಆಷಾಢ. ಮದ್ವೆ ಇಲ್ಲ ಅಂತ್ಲೇ ಕಳ್ಸಿದ್ದು."

ನಾನು ಏನೋ ಹೇಳಹೊರಟೆ.

"ಇದ್ದದ್ದೇ ಒಂದು ಲೆನ್ಸು. ಅದನ್ನ ಕಳ್ಸಿ ಬರೀ ಕ್ಯಾಮೆರಾದಲ್ಲಿ ಎಂಥ ಫೋಟೋ ತೆಗೀತಾರೆ? ಅವ್ರು ಎರಡೂ ಇಟ್ಟಿದ್ರು. ಲೆನ್ಸು ನೋಡೋಕೆ ಕ್ಯಾಮೆರಾ ಯಾಕೆ, ಸುಮ್ನೆ ಭಾರ ಅಂದಿದ್ದು ನೀನು."

ಮೊಹರಿನ ಕಾಗದವನ್ನು ಅತ್ತೆ ಇನ್ನೂ ಇಟ್ಟಿದ್ದರು. ಅದರ ತಾರೀಕನ್ನು ಆ ವರ್ಷದ ಪಂಚಾಂಗದೊಂದಿಗೆ ತಾಳೆ ಹಾಕಿ ನೋಡಿದೆ. ಆಷಾಢವೇ.

ದೇವರಿಂದ ಹಿಡಿದು ದಿನಪತ್ರಿಕೆಯವರೆಗೆ ಎಲ್ಲದಕ್ಕೂ ಸಾಕ್ಷಿ ಕೇಳುವ ನಾನು ಆ ಮದುವೆಗೆ ಸಾಕ್ಷಿ ಕೇಳಿರಲಿಲ್ಲ. ವಿಚಿತ್ರವೆಂದರೆ ಅದು ಇನ್ನೂ ಅಳಿದಿಲ್ಲ. ಕಣ್ಣು ಮುಚ್ಚಿದರೆ ಈಗಲೂ ಕಳಸದ ಮದುವೆಯ ಮಾತು ಕೇಳುತ್ತದೆ, ಒಂದು ಕೈ ಪೆಟ್ಟಿಗೆಗೆ ಇಳಿದು ಕ್ಯಾಮೆರಾ ಎತ್ತುತ್ತದೆ. ಮೊನ್ನೆ ಮೊದಲ ಸಲ ಆ ಕೈಯನ್ನು ಸರಿಯಾಗಿ ನೋಡಿದೆ. ಅದರ ಮಣಿಕಟ್ಟಿನಲ್ಲಿ ವಾಚಿದೆ.